ಅಪ್ಪ ಅಮ್ಮ ಇಲ್ಲದ ಶಬ್ದ

ಬೆಳಗ್ಗೆ ಎದ್ದು ಇನ್ನೂ ಕಾಲುಚೀಲದ ಜೋಡಿ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಅತ್ತೆಯ ತಕರಾರು ಶುರುವಾಯಿತು. ಪುಣ್ಯಕ್ಕೆ ತಕರಾರು ಅಳಿಯನ ಮೇಲಲ್ಲ, ಫ್ರಿಜ್ಜಿನ ಮೇಲೆ.

"ಅಳಿಯಂದ್ರೇ, ಇದು ಮತ್ತೆ ಗುಂಯ್ ಅಂತಿದೆ ನೋಡಿ. ನಿನ್ನೇನೂ ಹೀಗೇ, ಮೊನ್ನೇನೂ ಹೀಗೇ. ಆ ರಿಪೇರಿಯವನು ಬಂದು ಬಂದು ಕಾಫಿ ಕುಡಿದು ಹೋದನೇ ಹೊರತು ಸ್ಕ್ರೂ ಕೂಡ ತಿರುಗಿಸ್ಲಿಲ್ಲ."

ಅಳಿಯಂದಿರು ಒಂದೇ ಕಾಲುಚೀಲದಲ್ಲಿ ಕುಂಟುತ್ತ ಬಂದು ಫ್ರಿಜ್ಜಿನ ಬಾಗಿಲಿಗೆ ಕಿವಿ ಕೊಟ್ಟು ನಿಂತರು. ಒಳಗಿನಿಂದ ಏನೂ ಕೇಳಲಿಲ್ಲ.

"ಏನೂ ಇಲ್ವಲ್ಲ ಅತ್ತೆ."

"ಅದೇ ನನಗೂ ಆಶ್ಚರ್ಯ. ನೀವು ಹತ್ತಿರ ಬಂದ್ರೆ ಸಾಕು, ಮೇಷ್ಟ್ರು ಬಂದ ಕ್ಲಾಸಿನ ಹಾಗೆ ತೆಪ್ಪಗಾಗಿಬಿಡುತ್ತೆ."

ಅತ್ತೆ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಈಗ ತಿದ್ದಲು ಮಕ್ಕಳಿಲ್ಲದ ಕಾರಣ ಮನೆಯ ಸಾಮಾನುಗಳನ್ನು ತಿದ್ದುತ್ತಿದ್ದರು. ಬಚ್ಚಲುಮನೆಯಿಂದ ಹೆಂಡತಿಯ ದನಿ ಬಂತು: "ಹುಟ್ಟದೇ ಇರೋ ಕಾರಿನ ಸದ್ದು ಹೇಳ್ತಾರಂತೆ, ಮನೆಯಲ್ಲಿರೋ ಫ್ರಿಜ್ಜಿನ ಸದ್ದು ಕೇಳ್ಸಲ್ವಂತೆ!"

ಈ ಮಾತು ಅಳಿಯಂದಿರಿಗೆ ಸ್ವಲ್ಪ ಚುಚ್ಚಿತು. ಯಾಕೆಂದರೆ ಹುಟ್ಟದೇ ಇರುವ ಕಾರಿನ ಸದ್ದು ಹೇಳುವುದೇ ಅವರ ಉದ್ಯೋಗ. ಅವರು ಕೆಲಸ ಮಾಡುವ ಕಾರ್ಖಾನೆ ಬ್ಯಾಟರಿಯಿಂದ ಓಡುವ ಕಾರು ತಯಾರಿಸುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ನಿನ ಗದ್ದಲ ಉಳಿದೆಲ್ಲ ಸಣ್ಣಪುಟ್ಟ ಸದ್ದನ್ನೂ ನುಂಗಿಬಿಡುತ್ತದೆ. ಬ್ಯಾಟರಿ ಗಾಡಿಯಲ್ಲಿ ಆ ಭಾಗ್ಯವಿಲ್ಲ. ಮೋಟಾರು ಕೊಂಚ ನಡುಗಿದರೂ, ಗೇರಿನ ಒಂದು ಹಲ್ಲು ಇನ್ನೊಂದಕ್ಕೆ ಸರಿಯಾಗಿ ಕೂರದಿದ್ದರೂ ಒಳಗೆ ಕೂತವರ ಕಿವಿಗೆ ಸೊಳ್ಳೆ ಹೊಕ್ಕಂತಾಗುತ್ತದೆ. ಗಾಡಿ ಕಟ್ಟಿದ ಮೇಲೆ ಆ ಸೊಳ್ಳೆಯನ್ನು ಹುಡುಕಿ ಕೊಲ್ಲುವುದು ದುಬಾರಿ ಬಾಬತ್ತು. ಅದಕ್ಕೇ ಒಂದು ಬೋಲ್ಟು ಕೂಡ ತಯಾರಾಗುವ ಮೊದಲೇ ಇವರು ಕಂಪ್ಯೂಟರಿನೊಳಗೆ ಇಡೀ ಗಾಡಿಯನ್ನು ಓಡಿಸಿ, ಯಾವ ವೇಗದಲ್ಲಿ ಏನು ನಡುಗುತ್ತದೆ, ಆ ನಡುಕ ಯಾವ ದಾರಿ ಹಿಡಿದು ಸೀಟಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಇದಕ್ಕೆ ಸಿಮ್ಯುಲೇಶನ್ ಎಂಬ ಗೌರವದ ಹೆಸರಿತ್ತು. ಕಾರ್ಖಾನೆಯವರು ಮಾತ್ರ ಹುಟ್ಟುವ ಮುಂಚೆಯೇ ಜಾತಕ ಬರೆಯುವ ಈ ಮನುಷ್ಯನಿಗೆ ಜೋಯಿಸರು ಎಂದು ಹೆಸರಿಟ್ಟಿದ್ದರು. ನಾವೂ ಹಾಗೇ ಕರೆಯೋಣ.

ಅವತ್ತು ಜೋಯಿಸರ ಜಾತಕಕ್ಕೇ ಪರೀಕ್ಷೆ. ಕಟ್ಟಿ ಮುಗಿಸಿದ ಮೊದಲ ಗಾಡಿ ರಸ್ತೆಗಿಳಿಯಲಿತ್ತು. ಯಾವ ವೇಗದಲ್ಲೂ ಕಿವಿಗೆ ತಾಕುವ ಶಬ್ದವೇ ಇರುವುದಿಲ್ಲ ಎಂದು ಅವರು ಬರೆದುಕೊಟ್ಟಿದ್ದರು. ಕಾರ್ಖಾನೆಯ ಸಾಹೇಬರು ಅದನ್ನು ಓದಿ ನೇರವಾಗಿ ಹೇಳಿದ್ದರು: "ನೋಡ್ರೀ, ನೀವು ಹೇಳಿದ ಹಾಗೇ ಆದ್ರೆ ನಿಮ್ಮ ವಿಭಾಗ ಇರುತ್ತೆ. ತಪ್ಪಾದ್ರೆ ಕಂಪ್ಯೂಟರ್ ಲೆಕ್ಕಪತ್ರದವರಿಗೆ, ನೀವು ಬಿಡಿಭಾಗದ ಗೋದಾಮಿಗೆ. ಸಂಜೆಯೊಳಗೆ ಗೊತ್ತಾಗಿಬಿಡ್ಲಿ."

ಅವರ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಕಿಟಕಿಯಿಲ್ಲ. ಮೇಲೆ ಯಾರು ಹತ್ತಿ ಇಳಿದರೂ ತಲೆಯ ಮೇಲೆಯೇ ನಡೆದಂತಾಗುತ್ತಿತ್ತು. ಆದರೂ ಜೋಯಿಸರಿಗೆ ಆ ಕೋಣೆಯ ಮೇಲೆ ಪ್ರಾಣ. ಇನ್ನೂ ಲೋಕದಲ್ಲಿ ಇಲ್ಲದ ಯಂತ್ರವೊಂದು ಅಲ್ಲಿ ಅವರೊಬ್ಬರಿಗಾಗಿ ತಿರುಗುತ್ತಿತ್ತು. ಗೋದಾಮಿನಲ್ಲಿ ನಟ್ಟು ಎಣಿಸುವುದನ್ನು ಅವರು ನೆನೆಯಲೂ ಒಲ್ಲರು.

ಗಾಡಿ ಗೇಟಿನ ಮುಂದೆ ಹೊಳೆಯುತ್ತ ನಿಂತಿತ್ತು. ಚುಕ್ಕಾಣಿ ಹಿಡಿದವನು ಡ್ರೈವರಣ್ಣ. ಪಕ್ಕದಲ್ಲಿ ಸಾಹೇಬರು. ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಜೋಯಿಸರು, ಅವರ ಪಕ್ಕ ಗೇರ್ ಮೇಸ್ತ್ರಿ. ಜೋಯಿಸರು ಎರಡು ಮೈಕು ಕಟ್ಟಿದ್ದರು, ಒಂದು ಸೀಟಿನ ನಡುವೆ ತಲೆಯ ಎತ್ತರಕ್ಕೆ, ಇನ್ನೊಂದು ನೆಲದ ಕೆಳಗೆ ಮೋಟಾರಿನ ಹತ್ತಿರ. ಮೇಸ್ತ್ರಿಗೆ ಮೈಕಿನ ಮೇಲೆ ನಂಬಿಕೆಯಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗಾಡಿಯ ನೆಲಕ್ಕೊತ್ತಿ, ಹಿಡಿಯನ್ನು ಒಂದು ಕಿವಿಗೆ ಆನಿಸಿ, ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಬಗ್ಗಿ ಕೂತರು. ಹೊರಗಿನವರು ನೋಡಿದ್ದರೆ ಹೊಟ್ಟೆನೋವಿನವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ ಎನ್ನುತ್ತಿದ್ದರು.

ಗಾಡಿ ಹೊರಟಿತು. ಎಷ್ಟು ಮೆತ್ತಗೆ ಹೊರಟಿತೆಂದರೆ, ಹೊರಟಿದೆಯೋ ಇಲ್ಲವೋ ಎಂದು ಸಾಹೇಬರು ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಂಡರು. ಜೋಯಿಸರ ಕಣ್ಣು ಪರದೆಯ ಮೇಲೆ ನೆಟ್ಟಿತ್ತು. ವೇಗದ ಅಂಕಿ ಏರುತ್ತಿತ್ತು, ಅವರ ಗಮನವೆಲ್ಲ ಅದರ ಜೊತೆಗೇ ಏರುತ್ತಿತ್ತು.

ಸಾಹೇಬರು ತಟ್ಟನೆ ಕೈ ಎತ್ತಿದರು. "ಏನದು ಗುಂಯ್ ಅಂತ?"

"ಏನು ಸಾರ್?" ಎಂದರು ಜೋಯಿಸರು.

"ಈಗ ಇತ್ತು ಕಣ್ರೀ. ನಿಂತುಹೋಯ್ತು. ಡ್ರೈವರ್, ನಿಂಗೆ ಕೇಳಿಸ್ತಾ?"

"ಕೇಳಿಸ್ತು ಸಾರ್. ಸ್ಪೀಡ್ ಏರಿದ ಹಾಗೆ ಅದೂ ಏರ್ತಿತ್ತು."

ಮೇಸ್ತ್ರಿ ಬೆರಳು ತೆಗೆದು, "ನಂಗೇನೂ..." ಎಂದು ಶುರುಮಾಡಿದವರು ಸಾಹೇಬರ ಮುಖ ನೋಡಿ ಮಾತು ಬದಲಿಸಿದರು. "ನಂಗೇನೂ ಆಶ್ಚರ್ಯ ಇಲ್ಲ ಸಾರ್. ಇದು ಬರುತ್ತೆ ಅಂತ ಮೊದಲೇ ಗೊತ್ತಿತ್ತು."

ಜೋಯಿಸರಿಗೆ ನಿಜವಾಗಿಯೂ ಏನೂ ಕೇಳಿಸಿರಲಿಲ್ಲ. ಆದರೆ ಗಾಡಿ ನಿಲ್ಲಿಸಿ ರೆಕಾರ್ಡು ಹಾಕಿದರೆ, ಅದರಲ್ಲಿ ಸ್ಪಷ್ಟವಾಗಿ "ಗುಂ...ಯ್ಯ್" ಎಂದು ಏರುತ್ತ ಹೋಗುವ ಸದ್ದಿತ್ತು. ಅವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಇಷ್ಟು ದೊಡ್ಡ ಸದ್ದು ನನ್ನ ಕಿವಿಗೇ ಬೀಳಲಿಲ್ಲವಲ್ಲ, ಕಿವಿಯೂ ಕೈಕೊಟ್ಟಿತೇ ಎಂದು ಗಾಬರಿಯಾದರು.

ಕೋಣೆ ಸೇರಿ ಆ ಸದ್ದನ್ನು ಪರದೆಯ ಮೇಲೆ ಹರಡಿಕೊಂಡು ಕೂತರು. ಅವರ ವಿದ್ಯೆಯಲ್ಲಿ ಪ್ರತಿ ಸದ್ದಿಗೂ ಹುಟ್ಟಿದ ಮನೆ ಇರುತ್ತದೆ. ಗೇರಿಗೆ ಎಷ್ಟು ಹಲ್ಲು, ಎಷ್ಟು ಸುತ್ತು ಎಂದು ಗುಣಿಸಿದರೆ ಗೇರಿನ ಸ್ವರ ಸಿಗುತ್ತದೆ. ಮೋಟಾರಿನ ಸ್ವರಕ್ಕೂ ಹೀಗೆ ಒಂದು ಗುಣಾಕಾರವಿದೆ, ಚಕ್ರಕ್ಕೂ ಇದೆ. ಈ ಗುಂಯ್‌ಗೆ ಮಾತ್ರ ಯಾರ ಲೆಕ್ಕವೂ ಹೊಂದಲಿಲ್ಲ. ಗೇರಿನ ಮಗುವೂ ಅಲ್ಲ, ಮೋಟಾರಿನದೂ ಅಲ್ಲ. ವೇಗದ ಜೊತೆ ಏರುತ್ತದೆ, ಆದರೆ ಮನಸ್ಸು ಬಂದ ಕಡೆ ಉಸಿರು ತೆಗೆದುಕೊಳ್ಳುತ್ತದೆ.

"ಅಪ್ಪ ಅಮ್ಮ ಇಲ್ಲದ ಶಬ್ದ!" ಎಂದು ಜೋಯಿಸರು ತಮ್ಮಷ್ಟಕ್ಕೆ ಹೇಳಿಕೊಂಡರು. ಭಯದ ನಡುವೆಯೂ ಅವರಿಗೆ ಒಂದು ತರದ ಕುತೂಹಲ ಹುಟ್ಟಿತು. ಇನ್ನೂ ವಿಚಿತ್ರವೆಂದರೆ, ನೆಲದ ಕೆಳಗಿನ ಮೈಕಿನಲ್ಲಿ ಆ ಸದ್ದು ಇರಲೇ ಇಲ್ಲ. ಮೋಟಾರಿನ ಪಕ್ಕದಲ್ಲಿ ಕೂತ ಮೈಕಿಗೆ ಕೇಳದೆ ಇರುವುದುಂಟೇ? ಅದರ ವೈರೇ ಕೆಟ್ಟಿರಬೇಕೆಂದು ಅವರು ಹೊಸ ವೈರು ಹಾಕತೊಡಗಿದರು.

ಅಷ್ಟರಲ್ಲಿ ಸಾಹೇಬರು ಇಳಿದು ಬಂದರು. "ಆ ರೆಕಾರ್ಡು ನನ್ನ ಫೋನಿಗೆ ಕಳ್ಸಿ. ಮಾಲೀಕನಾದವನಿಗೆ ತನ್ನ ಗಾಡಿಯ ಸದ್ದು ಬಾಯಿಪಾಠ ಆಗಿರ್ಬೇಕು. ಇವತ್ತೆಲ್ಲ ಕೇಳ್ತೀನಿ." ನೆಲದ ಮೈಕಿನ ಬಗ್ಗೆ ವಿಚಾರಿಸಿದಾಗ, "ಅದರ ವೈರು ಕೆಟ್ಟಿದೆ ಸಾರ್" ಎಂದು ಜೋಯಿಸರು ಹೇಳಿದರು. ಸಾಹೇಬರು ದೊಡ್ಡ ಹೆಡ್‌ಫೋನ್ ಕಿವಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಹೋದರು.

ಇಷ್ಟು ಹೊತ್ತಿಗೆ ಸುದ್ದಿ ಕಾರ್ಖಾನೆ ತುಂಬ ಹಬ್ಬಿ, ಎಲ್ಲರೂ ವೈದ್ಯರಾಗಿದ್ದರು. ಸಾಮಾನು ತರಿಸುವ ಖರೀದಿ ಮೇಡಂ ಓಡಿಬಂದರು. "ಮೋಟಾರಿನ ಕೆಳಗಿನ ರಬ್ಬರೇ ಇದಕ್ಕೆ ಕಾರಣ. ನಾನು ಅವತ್ತೇ ಬೇರೆ ಕಡೆಯಿಂದ ತರಿಸ್ತೀನಿ ಅಂದೆ, ನನ್ನ ಮಾತು ಯಾರು ಕೇಳ್ತೀರಿ?" ರಬ್ಬರು ಬದಲಾಯಿತು. ಮೇಸ್ತ್ರಿ ಅಷ್ಟಕ್ಕೇ ಬಿಡದೆ ಗೇರಿನ ಎಣ್ಣೆಯನ್ನೂ ಬದಲಿಸಿದರು. ಅದರಲ್ಲಿ ಸ್ವಲ್ಪ ಜೋಯಿಸರ ಅಂಗಿಗೂ ಸಂದಿತು. ಮತ್ತೆ ಗಾಡಿ ಓಡಿತು. ಮತ್ತೆ ಗುಂಯ್.

ಡ್ರೈವರಣ್ಣ ಒಂದು ವಿಷಯ ಗಮನಿಸಿದ್ದ. "ಜೋಯಿಸ್ರೇ, ಒಂದು ವಿಚಿತ್ರ ಹೇಳ್ಲಾ? ಇದು ನಾವು ಮಾತಾಡಿಸಿದ್ರೆ ಸಾಕು, ಸುಮ್ಮನಾಗುತ್ತೆ."

"ನಾಚಿಕೆ ಸ್ವಭಾವದ ಗೇರು," ಎಂದರು ಮೇಸ್ತ್ರಿ ಗಂಭೀರವಾಗಿ.

ಇದನ್ನು ಪರೀಕ್ಷಿಸಲು ಮೇಡಂ ತಾವೇ ಗಾಡಿ ಹತ್ತಿದರು. ಹತ್ತಿದವರು ತಮ್ಮ ಎದುರುಮನೆಯವರು ಗೋಡೆಗೆ ಬಳಿಸಿದ ಬಣ್ಣದಿಂದ ಹಿಡಿದು ನಾದಿನಿಯ ಹೊಸ ಮಂಚದವರೆಗೆ ಎಡೆಬಿಡದೆ ಮಾತಾಡಿದರು. ಜೋಯಿಸರು ಮರ್ಯಾದೆಗೆ "ಹೌದಾ? ಛೇ, ಹಾಗಂದ್ರಾ?" ಎನ್ನುತ್ತಲೇ ಇದ್ದರು. ಇಡೀ ಸುತ್ತಿನಲ್ಲಿ ಒಂದು ಸಲವೂ ಗುಂಯ್ ಬರಲಿಲ್ಲ. ಮೇಡಂ ನೀರು ಕುಡಿಯಲು ಬಾಯಿ ಮುಚ್ಚಿದರೋ ಇಲ್ಲವೋ, ಬಂತು.

"ಹಾಗಾದ್ರೆ ಪ್ರತಿ ಗಾಡಿ ಜೊತೆ ಮೇಡಂನೂ ಕೊಡಬೇಕಾಗುತ್ತೆ," ಎಂದ ಡ್ರೈವರಣ್ಣ. ಮೇಡಂ ಅವನನ್ನು ಸುಟ್ಟುಬಿಡುವಂತೆ ನೋಡಿದರು.

ಮಧ್ಯಾಹ್ನ ಅವನು ಗಾಡಿಯನ್ನು ಒಬ್ಬನೇ ತೊಳೆಸಲು ಒಯ್ದು ಬಂದು ಇನ್ನೊಂದು ಸುದ್ದಿ ತಂದ. "ಖಾಲಿ ಗಾಡಿಯಲ್ಲಿ ಬರೋದೇ ಇಲ್ಲ!" ಮೇಸ್ತ್ರಿ ತೊಡೆ ತಟ್ಟಿದರು. "ನೋಡಿದ್ರಾ? ಭಾರ ಬಿದ್ರೆ ಬರುತ್ತೆ. ಸಾಬೀತುಮಾಡಿ ತೋರಿಸ್ತೀನಿ." ಮುಂದಿನ ಸೀಟಿನಲ್ಲಿ ಮರಳಿನ ಮೂಟೆಗಳನ್ನು ಕೂರಿಸಿ ಬೆಲ್ಟು ಕಟ್ಟಿದರು. ರೆಕಾರ್ಡು ಮಾಡಲು ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಎಂದಿನಂತೆ ಜೋಯಿಸರು ಹಿಂದೆ ಕೂತರು. ಗುಂಯ್ ಎಂದಿತು. ಮೂಟೆಯೇ ಅಪರಾಧಿ ಎಂದು ಎಲ್ಲರೂ ಒಪ್ಪಿದರು. ಜೋಯಿಸರು ಕೋಣೆಗೆ ಓಡಿ ಕಂಪ್ಯೂಟರಿನ ಗಾಡಿಯಲ್ಲೂ ಅಷ್ಟೇ ಭಾರ ಹೇರಿ ಲೆಕ್ಕ ಮಾಡಿದರು. ಅದು ಮಾತ್ರ ಹಟ ಹಿಡಿದು, ಶಬ್ದವಿಲ್ಲ ಎಂದೇ ಹೇಳಿತು. ಇಷ್ಟು ವರ್ಷ ನಂಬಿದ ಗೆಳೆಯ ಎಲ್ಲರೆದುರು ಸುಳ್ಳು ಹೇಳುತ್ತಿದ್ದಾನೆ ಎನಿಸಿ ಜೋಯಿಸರಿಗೆ ಅಳು ಬರುವಂತಾಯಿತು.

ಸಂಜೆಯಾಗುತ್ತ ಬಂದಿತ್ತು. ಆಗ ಮನೆಯಿಂದ ಫೋನು ಬಂತು. ಅತ್ತೆ.

"ಅಳಿಯಂದ್ರೇ, ಫ್ರಿಜ್ಜು ಸರಿಯಾಗಿದೆ."

"ಸಂತೋಷ ಅತ್ತೆ. ನಾನು ಆಮೇಲೆ..."

"ಪೂರ್ತಿ ಕೇಳಿ. ಬೆಳಗ್ಗೆ ನೀವು ಇನ್ನೊಂದು ಕಾಲುಚೀಲ ಹುಡುಕ್ತಿದ್ದಾಗ ಮತ್ತೆ ಗುಂಯ್ ಅಂತು. ಕೋಪ ಬಂದು ಪ್ಲಗ್ ಕಿತ್ತೆ. ಕಿತ್ತ ಮೇಲೂ ಗುಂಯ್ ಅಂತಾನೇ ಇತ್ತು. ನೀವು ಬಾಗಿಲು ಎಳ್ಕೊಂಡು ಹೋದ್ರಿ, ನಿಂತಿತು. ಮತ್ತೆ ಪ್ಲಗ್ ಹಾಕಿದೆ. ಇಡೀ ದಿನ ಅದು ಉಸಿರೆತ್ತಿಲ್ಲ."

ಜೋಯಿಸರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಹೇಗೆ ಹೇಳೋದು ಅಂತ ಮಧ್ಯಾಹ್ನದಿಂದ ಯೋಚಿಸ್ತಿದ್ದೆ," ಎಂದರು ಅತ್ತೆ ಮೆತ್ತಗೆ. "ಬಾಯಿ ಮುಚ್ಚಿಕೊಂಡು ಗುಂಯ್‌ಗುಡೋ ಹುಡುಗರನ್ನ ಕೊನೇ ಬೆಂಚಿಂದ ಹಿಡಿದವಳು ನಾನು. ಶಾಲೆಯಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸಿಬಿಡ್ತಿದ್ದೆ. ಅಳಿಯಂದಿರನ್ನ ಹೇಗೆ ನಿಲ್ಲಿಸ್ಲಿ?"

ಜೋಯಿಸರು ಬೆಳಗಿನ ರೆಕಾರ್ಡನ್ನು ಫೋನಿನ ಹತ್ತಿರ ಹಿಡಿದು ಹಾಕಿದರು. ಅತ್ತ ಕಡೆ ಹೆಂಡತಿ ಫೋನು ಕಸಿದುಕೊಂಡಳು.

"ಅಯ್ಯೋ, ಇದು ನೀವೇ ರೀ! ತಲೆಯಲ್ಲಿ ಏನಾದ್ರೂ ಓಡ್ತಿದ್ರೆ ಹೀಗೇ ಮಾಡ್ತೀರಿ. ಮದುವೆಯಾದಾಗಿಂದ ಕೇಳ್ತಿದ್ದೀನಿ. ಅಮ್ಮ ಇದನ್ನೇ ಫ್ರಿಜ್ಜು ಅಂತಿದ್ದದ್ದಾ?"

"ಮತ್ತೆ ಇಷ್ಟು ವರ್ಷ ನನಗೆ ಹೇಳೋದಲ್ವೇನೇ?"

"ಖುಷಿಯಾಗಿದ್ದೀರಿ ಅಂದ್ಕೊಂಡಿದ್ದೆ."

ಜೋಯಿಸರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತಾಡಿಸಿದರೆ ನಿಲ್ಲುವುದು, ಖಾಲಿ ಗಾಡಿಯಲ್ಲಿ ಬಾರದಿರುವುದು, ನೆಲದ ಮೈಕಿಗೆ ಕೇಳದಿರುವುದು, ಎಲ್ಲವೂ ಒಂದೇ ಸಲ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು. ಪರದೆಯ ಮೇಲೆ ವೇಗದ ಅಂಕಿ ಏರಿದಂತೆ ತಮ್ಮ ಗಂಟಲೂ ಏರುತ್ತಿತ್ತು. ಗಾಡಿ ನಿಶ್ಶಬ್ದ. ಲೆಕ್ಕ ಸರಿ. ಕೋಣೆ ಉಳಿಯಿತು! ಅವರು ಪರದೆಯನ್ನೊಮ್ಮೆ ಸವರಿ, ಎರಡೆರಡು ಮೆಟ್ಟಿಲು ಹಾರುತ್ತ ಸಾಹೇಬರ ಬಳಿ ಓಡಿದರು.

ಸಾಹೇಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಜೋಯಿಸರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು, ಫ್ರಿಜ್ಜನ್ನೂ ಬಿಡಲಿಲ್ಲ. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, ಮೇಡಂ, ಡ್ರೈವರಣ್ಣ ಮೂವರೂ ಬಾಯಿ ತೆರೆದುಕೊಂಡು ಕೇಳಿದರು.

"ಎಲ್ಲಿ, ಗುಂಯ್ ಅನ್ನಿ ನೋಡೋಣ," ಎಂದರು ಸಾಹೇಬರು.

ಜೋಯಿಸರು ತುಟಿ ಬಿಗಿದು ಪ್ರಯತ್ನಿಸಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವಾಗ ಆ ಸದ್ದು ಎಲ್ಲಿಂದ ಬರಬೇಕು? ಗಂಟಲು ಕಟ್ಟಿದ ಕರುವಿನ ದನಿಯೊಂದು ಹೊರಬಂತು. ಇನ್ನೊಮ್ಮೆ ಪ್ರಯತ್ನಿಸಿದಾಗ ಕೆಮ್ಮು ಬಂತು.

"ಕೋಣೆ ಉಳಿಸಿಕೊಳ್ಳೋಕೆ ಅಂತ ಇಂಥ ಕತೆ ಕಟ್ಟಿದವರನ್ನ ನಾನು ನೋಡಿರ್ಲಿಲ್ಲ," ಎಂದರು ಸಾಹೇಬರು ಬೇಸರದಿಂದ.

ಜೋಯಿಸರಿಗೆ ಎಲ್ಲಿಲ್ಲದ ಧೈರ್ಯ ಬಂತು. "ಸಾರ್, ನಾನಿಲ್ಲದೆ ಒಂದು ಸುತ್ತು ಹೋಗಿ ಬನ್ನಿ. ಮೂಟೆಗಳೂ ಹಾಗೇ ಇರ್ಲಿ, ಹಿಂದಿನ ಸೀಟಿಗೆ ಹಾಕಿಸ್ತೀನಿ. ರೆಕಾರ್ಡು ನಾನು ಶುರುಮಾಡಿ ಕೊಡ್ತೀನಿ. ಅದರಲ್ಲಿ ಗುಂಯ್ ಅಂತ ಬಂದ್ರೆ ಈಗಲೇ ಗೋದಾಮಿನ ಬೀಗದ ಕೈ ಕೊಟ್ಟುಬಿಡಿ, ಒಂದು ಮಾತೂ ಆಡಲ್ಲ."

ಸಾಹೇಬರು ನ್ಯಾಯವಂತರು. ಒಪ್ಪಿದರು. ಡ್ರೈವರಣ್ಣ ಯಾವ ಕಾರಣಕ್ಕೂ ಸದ್ದು ಮಾಡಬಾರದೆಂದು ಜೋಯಿಸರು ಅವನ ಬಾಯಿಗೆ ತಾವೇ ದೊಡ್ಡದೊಂದು ಪೆಪ್ಪರಮಿಂಟು ಹಾಕಿದರು. ಸಾಹೇಬರನ್ನು ಬಿಟ್ಟು ಇನ್ಯಾರನ್ನೂ ಹತ್ತಿಸಲಿಲ್ಲ. ಗಾಡಿ ಗೇಟು ದಾಟಿ ಮರೆಯಾಯಿತು. ಮೇಸ್ತ್ರಿ, ಮೇಡಂ, ಜೋಯಿಸರು ಮೂವರೂ ರಸ್ತೆಯನ್ನೇ ನೋಡುತ್ತ ನಿಂತರು. ಹೊಸ ಕಂಪ್ಯೂಟರನ್ನು ಕೋಣೆಯ ಯಾವ ಮೂಲೆಯಲ್ಲಿಡುವುದು ಎಂದು ಜೋಯಿಸರು ಯೋಚಿಸತೊಡಗಿದ್ದರು. ಪಾಪ, ಅದನ್ನು ಕೊಡುತ್ತೇನೆಂದು ಯಾರೂ ಹೇಳಿರಲಿಲ್ಲ.

ಗಾಡಿ ಹಿಂದಿರುಗಿತು. ಸಾಹೇಬರು ನಗುತ್ತ ಇಳಿದರು. "ಪರವಾಗಿಲ್ರೀ ಜೋಯಿಸ್ರೇ! ನನ್ನ ಕಿವಿಗಂತೂ ಒಂದು ಚೂರೂ ಕೇಳಿಸ್ಲಿಲ್ಲ. ಬನ್ನಿ, ರೆಕಾರ್ಡು ಒಂದು ಕೇಳಿಬಿಡೋಣ."

ಜೋಯಿಸರಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಕೆಳಗಿನ ಕೋಣೆಯೊಳಗೆ ಎಲ್ಲರೂ ಒತ್ತಿಕೊಂಡು ನಿಂತರು. ಡ್ರೈವರಣ್ಣ ಮಾತ್ರ ಬಾಗಿಲ ಹೊರಗೇ ನಿಂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಜೋಯಿಸರು ಹೆಮ್ಮೆಯಿಂದ ಗುಂಡಿ ಒತ್ತಿದರು.

ಮೊದಲು ಏನೂ ಇಲ್ಲ. ಆಮೇಲೆ ಗಾಡಿಯ ವೇಗ ಏರಿದಂತೆ, ಸ್ವಲ್ಪ ದಪ್ಪಗೆ, ಆದರೆ ಅದೇ ರಾಗ, ಅದೇ ಏರಿಕೆ: "ಗುಂ...ಯ್ಯ್ಯ್."

ಸಾಹೇಬರ ನಗು ಮಾಯವಾಯಿತು.

"ಸಾರ್, ಇದು... ನೆಲದ ಮೈಕಿನಲ್ಲಿ ಈಗಲೂ ಇಲ್ಲ ನೋಡಿ ಸಾರ್!"

"ಆ ಮೈಕಿನ ವೈರು ಕೆಟ್ಟಿದೆ ಅಂತ ನೀವೇ ಅಲ್ವೇನ್ರೀ ಬೆಳಗ್ಗೆ ಹೇಳಿದ್ದು?"

"ನಿಮ್ಮ ಕಿವಿಗೆ ಕೇಳಿಸ್ಲಿಲ್ಲ ಅಂದ್ರಲ್ಲ ಸಾರ್!"

"ಬೆಳಗ್ಗೆ ನಿಮಗೂ ಕೇಳಿಸಿರ್ಲಿಲ್ಲ. ಮನುಷ್ಯರ ಕಿವಿ ನಂಬಬಾರದು, ಯಂತ್ರ ಸುಳ್ಳು ಹೇಳಲ್ಲ ಅಂತ ನನಗೆ ಪಾಠ ಹೇಳಿದ್ದೂ ನೀವೇ." ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನೀವೇ ಇಟ್ಟ ಪಂದ್ಯ ಕಣ್ರೀ. ಮೇಸ್ತ್ರಿಗಳೇ, ನಾಳೆಯಿಂದ ಗಾಡಿ ನಿಮ್ಮ ಸುಪರ್ದಿಗೆ. ನಿಮ್ಮ ಹತ್ತಿರ ಇರೋ ಗೋದಾಮಿನ ಬೀಗದ ಕೈ ಇವರಿಗೆ ಕೊಡಿ."

ಹೀಗೆ ಹೇಳಿ ಅವರು ಕೋಣೆಯಿಂದ ಹೊರಟು, ನಾಳೆಯ ಕೆಲಸದ ಯೋಚನೆಯಲ್ಲಿ ಮುಳುಗಿ ಮೆಟ್ಟಿಲು ಹತ್ತತೊಡಗಿದರು.

ಕೆಳಗಿದ್ದವರ ತಲೆಯ ಮೇಲೆ ಅವರ ಬೂಟಿನ ಸದ್ದು ಒಂದೊಂದೇ ಮೆಟ್ಟಿಲು ಏರಿತು. ಅದರ ಜೊತೆಜೊತೆಗೇ, ಮೆಟ್ಟಿಲಿಗೊಂದು ಸ್ವರದಂತೆ, "ಗುಂ...ಯ್ಯ್" ಎಂಬ ದಪ್ಪನೆಯ ರಾಗವೂ ಏರುತ್ತ ಹೋಯಿತು. ದಿನವಿಡೀ ಹೆಡ್‌ಫೋನಿನಲ್ಲಿ ಕೇಳಿ ಕೇಳಿ ಸಾಹೇಬರಿಗೆ ಅದು ನಿಜವಾಗಿಯೂ ಬಾಯಿಪಾಠವಾಗಿತ್ತು.

ಮೇಸ್ತ್ರಿ ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನು ಮೆಟ್ಟಿಲಿಗೊತ್ತಿ ಕಿವಿ ಕೊಟ್ಟರು. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಗಾಡೀಲೂ ಇದೇ, ಸಾರ್," ಎಂದ ಡ್ರೈವರಣ್ಣ. ಪೆಪ್ಪರಮಿಂಟು ಇನ್ನೂ ಅವನ ಕೆನ್ನೆಯಲ್ಲಿತ್ತು. "ಗೇಟು ದಾಟಿದ್ದೇ ಶುರುಮಾಡಿದ್ರು. ನಾನು ಬಾಯಿ ಬಿಡಬಾರದು ಅಂತ ನೀವೇ ಹೇಳಿದ್ರಲ್ಲ."

"ಈಗಾದ್ರೂ ಹೋಗಿ ಹೇಳಪ್ಪ!"

"ನಾನಾ? ನನ್ನ ಕೆಲಸಕ್ಕೆ ಗೋದಾಮೂ ಇಲ್ಲ ಸಾರ್, ನೇರವಾಗಿ ಗೇಟೇ."

ಜೋಯಿಸರು ಮೇಡಂ ಕಡೆ ನೋಡಿದರು. ಬೆಳಗಿನಿಂದ ಬಾಯಿ ಮುಚ್ಚದ ಮೇಡಂ ಮೊದಲ ಸಲ ಗಡಿಯಾರ ನೋಡಿಕೊಂಡು, ಮನೆಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಮೇಸ್ತ್ರಿ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಇಡುವಾಗ ಅವರಿಗೂ ಪಾಪ ಎನಿಸಿರಬೇಕು, ಸದ್ದಾಗದಂತೆ ಇಟ್ಟರು.

ಎಲ್ಲರೂ ಹೋದ ಮೇಲೆ ಜೋಯಿಸರು ಮನೆಗೆ ಫೋನು ಮಾಡಿದರು.

"ಅತ್ತೆ, ಒಂದು ವಿಷಯ ಕೇಳ್ಬೇಕಿತ್ತು. ನಿಮ್ಮ ಶಾಲೆಯಲ್ಲಿ ಕೊನೇ ಬೆಂಚಿನ ಹುಡುಗನ ಬದಲು ಹೆಡ್‌ಮಾಸ್ಟ್ರೇ ಗುಂಯ್ ಅಂದಿದ್ರೆ ಏನ್ ಮಾಡ್ತಿದ್ರಿ?"

"ಅಂದಿದ್ರೆ ಏನು ಬಂತು, ಅವರು ದಿನಾ ಅಂತಿದ್ರು," ಎಂದರು ಅತ್ತೆ. "ಅವರು ನಿವೃತ್ತರಾಗೋವರೆಗೂ ನಾವು ಅವರ ಕೋಣೆಯ ಫ್ಯಾನು ರಿಪೇರಿ ಮಾಡಿಸ್ತಾನೇ ಇದ್ವಿ."